ಹಸುಗೂಸಿನ ಹೃದಯಕ್ಕೆ ಯಾವ ಅಳತೆಗೋಲು?

ಭೌತವಿಜ್ಞಾನದ ದೃಷ್ಟಿಯಿಂದ ನೋಡಿದರೆ ಹೃದಯವು ಒಂದು ಪಂಪು. ಬೇರಾವ ಪಂಪಿನ ಕೆಲಸವನ್ನು ಲೆಕ್ಕಮಾಡುವ ರೀತಿಯಲ್ಲಿಯೇ ಅದರ ಕೆಲಸವನ್ನೂ ಲೆಕ್ಕಮಾಡಬಹುದು. ಒತ್ತಡವನ್ನು, ಒಂದು ಸೆಕೆಂಡಿನಲ್ಲಿ ಹರಿದ ದ್ರವದ ಗಾತ್ರದಿಂದ ಗುಣಿಸಿದರೆ ಸಾಮರ್ಥ್ಯವು ವಾಟುಗಳಲ್ಲಿ ದೊರೆಯುತ್ತದೆ. ವಯಸ್ಕನ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಪಾದರಸದ 93 ಮಿಲಿಮೀಟರಿನಷ್ಟು ಸರಾಸರಿ ಒತ್ತಡಕ್ಕೆ ಎದುರಾಗಿ ತಳ್ಳುತ್ತದೆಯೆಂದು ಇಟ್ಟುಕೊಂಡರೆ ಅದರ ಸಾಮರ್ಥ್ಯವು ಸುಮಾರು 1 ವಾಟ್ ಎಂದಾಗುತ್ತದೆ. ಆಗತಾನೆ ಹುಟ್ಟಿದ, 3 ಕಿಲೋಗ್ರಾಂ ತೂಗುವ ಶಿಶುವಿನ ಹೃದಯವು ನಿಮಿಷಕ್ಕೆ ಸುಮಾರು 140 ಸಾರಿ ಮಿಡಿದು, ಪ್ರತಿ ಮಿಡಿತಕ್ಕೂ ಸುಮಾರು 4 ಮಿಲಿಲೀಟರ್ ರಕ್ತವನ್ನು 50 ಮಿಲಿಮೀಟರಿನಷ್ಟು ಒತ್ತಡಕ್ಕೆ ಎದುರಾಗಿ ಹೊರಹಾಕುತ್ತದೆ. ಅದರ ಸಾಮರ್ಥ್ಯವು 0.06 ವಾಟ್ ಮಾತ್ರ. ಆದರೆ ವಯಸ್ಕನ ಹೃದಯವು ಸುಮಾರು 300 ಗ್ರಾಂ ತೂಗಿದರೆ ಶಿಶುವಿನದು ಸುಮಾರು 20 ಗ್ರಾಂ. ಎರಡನ್ನೂ ಗ್ರಾಮಿಗೆ ಇಳಿಸಿ ನೋಡಿದರೆ ಎರಡೂ ಗ್ರಾಮೊಂದಕ್ಕೆ ಸುಮಾರು 3 ಮಿಲಿವಾಟ್ ಕೆಲಸವನ್ನೇ ಮಾಡುತ್ತಿರುವುದು ಕಂಡುಬರುತ್ತದೆ. ಅಂದರೆ ತೊಟ್ಟಿಲಿನಲ್ಲಿ ಮಲಗಿರುವ ಕೂಸಿನ ಹೃದಯವು ದುಡಿಯುವ ದೊಡ್ಡವರ ಹೃದಯಕ್ಕಿಂತ ಕಡಮೆ ಶ್ರಮಪಡುತ್ತಿದೆಯೆಂದು ಭಾವಿಸಲು ಕಾರಣವಿಲ್ಲ.

ಹೀಗೆ ಎಡೆಬಿಡದೆ ದುಡಿಯುವ ಸ್ನಾಯುವಿಗೆ ಎಡೆಬಿಡದೆ ಆಮ್ಲಜನಕವೂ ಬೇಕು. ಅದನ್ನು ಒದಗಿಸುವುವು ಮಹಾಪಧಮನಿಯ ಬುಡದಿಂದ ಕವಲೊಡೆದು ಹೃದಯವನ್ನೇ ಸುತ್ತುವರಿದಿರುವ ಕಿರೀಟಧಮನಿಗಳು. ಹುಟ್ಟಿದ ಮೊದಲ ದಿನಗಳಲ್ಲಿ ಈ ಸರಬರಾಜು ಹಲವು ಕಾರಣಗಳಿಂದ ಕುಂದಬಹುದು. ಹೆರಿಗೆಯ ಸಮಯದಲ್ಲಿ ಉಸಿರುಗಟ್ಟಿದ ಕೂಸಿನಲ್ಲಿ ರಕ್ತದ ಆಮ್ಲಜನಕ ಕುಗ್ಗಿ, ಕೊನೆಗೆ ರಕ್ತದ ಒತ್ತಡವೂ ಕುಸಿಯುತ್ತದೆ. ಹುಟ್ಟಿನಿಂದಲೇ ಹೃದಯದ ರಚನೆಯಲ್ಲಿ ದೋಷವಿರುವ ಶಿಶುವಿಗೆ ಶಸ್ತ್ರಚಿಕಿತ್ಸೆ ನಡೆಸುವಾಗ ವೈದ್ಯರು ತಾವಾಗಿಯೇ ಮಹಾಪಧಮನಿಯನ್ನು ಇಕ್ಕಳದಿಂದ ಬಂಧಿಸಿ, ಪೊಟ್ಯಾಸಿಯಂ ಬೆರೆತ ತಣ್ಣನೆಯ ದ್ರವದಿಂದ ಹೃದಯವನ್ನು ನಿಲ್ಲಿಸಿ, ಕೆಲಸ ಮುಗಿದ ಮೇಲೆ ರಕ್ತವನ್ನು ಮತ್ತೆ ಹರಿಯಬಿಡುತ್ತಾರೆ. ಅಪೂರ್ವವಾಗಿ ಎಡ ಕಿರೀಟಧಮನಿಯು ಮಹಾಪಧಮನಿಯಿಂದ ಹೊರಡುವ ಬದಲು ಶ್ವಾಸಕೋಶದ ಧಮನಿಯಿಂದ ಹೊರಡುವುದುಂಟು. 1933ರಲ್ಲಿ ಬ್ಲಾಂಡ್, ವೈಟ್ ಮತ್ತು ಗಾರ್ಲೆಂಡ್ ಎಂಬ ಮೂವರು ಅಮೆರಿಕದ ವೈದ್ಯರು ಇಂತಹ ಶಿಶುವಿನ ಲಕ್ಷಣಗಳನ್ನು ವಿವರಿಸಿದರು. ಹುಟ್ಟಿದ ಕೆಲವು ವಾರಗಳಲ್ಲಿ ಶ್ವಾಸಕೋಶದ ಧಮನಿಯ ಒತ್ತಡವು ಸಹಜವಾಗಿ ಇಳಿಯುತ್ತದೆಯಷ್ಟೆ. ಆಗ ಎಡಗಡೆಯ ಸ್ನಾಯುವಿಗೆ ರಕ್ತವು ಸಾಲದೆ ಅದು ಹಸಿವಿನಿಂದ ಬಳಲತೊಡಗುತ್ತದೆ.

ಈ ಎಲ್ಲ ಸಂದರ್ಭಗಳಲ್ಲಿಯೂ ಒಂದೇ ಪ್ರಶ್ನೆ ಏಳುತ್ತದೆ. ರಕ್ತವು ಮತ್ತೆ ಹರಿಯತೊಡಗಿದ ಮೇಲೆ ಹೃದಯವು ಎಷ್ಟರಮಟ್ಟಿಗೆ ಚೇತರಿಸಿಕೊಂಡಿದೆ? ಪ್ರಶ್ನೆ ವೈದ್ಯನದು, ಉತ್ತರವಾದರೋ ಅಳತೆಯಿಂದ ಬರತಕ್ಕದ್ದು. ಅಳತೆಯ ವಿಚಾರವು ಬಂದಾಗ ಭೌತವಿಜ್ಞಾನವನ್ನು ಓದುವವರಿಗೂ ಓದಿಸುವವರಿಗೂ ಮಾತನಾಡುವ ಅಧಿಕಾರವಿದೆ, ಹೊಣೆಯೂ ಇದೆ ಎಂದು ನಾವು ತಿಳಿದಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಮೇಲು. ಹಸುಗೂಸಿನ ಹೃದಯದ ಚೇತರಿಕೆಯನ್ನು ಒಂದೇ ಒಂದು ಅಂಕಿಯಿಂದ, ಅದರಲ್ಲಿಯೂ ದೊಡ್ಡವರಿಗಾಗಿ ರೂಢಿಗೆ ಬಂದ ಅಂಕಿಯಿಂದ ನಿರ್ಣಯಿಸುವುದು ಸಲ್ಲದು. ಅನ್ನವು ಬೆಂದಿದೆಯೆ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿ ನೋಡಿದರೆ ಸಾಕು ಎಂಬುದು ನಮ್ಮ ಮನೆಗಳ ಅನುಭವ. ಹೃದಯದ ವಿಷಯದಲ್ಲಿ ಆ ನ್ಯಾಯವು ನಡೆಯುವುದಿಲ್ಲ.

ಏಕೆ ನಡೆಯುವುದಿಲ್ಲವೆಂಬುದನ್ನು ತಿಳಿಯಲು ಶಿಶುವಿನ ಹೃದಯವು ದೊಡ್ಡವರ ಹೃದಯದ ಕಿರಿಯ ಪ್ರತಿಯಲ್ಲವೆಂಬುದನ್ನು ಮೊದಲು ಮನಗಾಣಬೇಕು. ವಯಸ್ಕ ಕುರಿಯ ಹೃದಯಸ್ನಾಯುವಿನಲ್ಲಿ ಸುಮಾರು ಶೇಕಡ 60ರಷ್ಟು ಭಾಗವು ಸಂಕೋಚನ ಶಕ್ತಿಯುಳ್ಳ ಎಳೆಗಳಾಗಿದ್ದರೆ, ಕುರಿಯ ಭ್ರೂಣದಲ್ಲಿ ಅದು ಸುಮಾರು ಶೇಕಡ 30 ಮಾತ್ರ ಎಂದು 1972ರಲ್ಲಿ ಫ್ರೀಡ್‌ಮನ್ ಎಂಬ ವೈದ್ಯವಿಜ್ಞಾನಿ ತೋರಿಸಿದರು. ಎಳೆಯ ಹೃದಯವು ಬಿರುಸಾಗಿರುತ್ತದೆ. ಹೆಚ್ಚು ರಕ್ತವನ್ನು ತುಂಬಿಕೊಂಡು ಹೆಚ್ಚು ಬಲದಿಂದ ತಳ್ಳುವ ಅವಕಾಶವು ಅದಕ್ಕೆ ಕಡಮೆ. ಸಂಕೋಚನವನ್ನು ಪ್ರಚೋದಿಸುವ ಕ್ಯಾಲ್ಸಿಯಮನ್ನು ದೊಡ್ಡವರ ಜೀವಕೋಶವು ಬಹುಮಟ್ಟಿಗೆ ತನ್ನ ಒಳಗಿನ ಉಗ್ರಾಣದಿಂದಲೇ ತೆಗೆದು ಬಳಸುತ್ತದೆ. ಶಿಶುವಿನ ಜೀವಕೋಶದಲ್ಲಿ ಆ ಉಗ್ರಾಣವಿನ್ನೂ ಪೂರ್ತಿಯಾಗಿ ಕಟ್ಟಿ ಮುಗಿದಿರುವುದಿಲ್ಲವಾದುದರಿಂದ ಅದು ಹೊರಗಿನ ಕ್ಯಾಲ್ಸಿಯಮನ್ನು ಹೆಚ್ಚಾಗಿ ಅವಲಂಬಿಸಿದೆ. ಇಂಧನವೂ ಬೇರೆ. ದೊಡ್ಡವರ ಹೃದಯವು ಮುಖ್ಯವಾಗಿ ಮೇದಾಮ್ಲಗಳನ್ನು ಉರಿಸಿದರೆ, ಗರ್ಭದಿಂದ ಹೊರಬಂದ ಹೃದಯವು ಇನ್ನೂ ಸಕ್ಕರೆ ಮತ್ತು ಲ್ಯಾಕ್ಟೇಟುಗಳ ಅಭ್ಯಾಸದಲ್ಲಿರುತ್ತದೆ. ಅದರಲ್ಲಿ ಗ್ಲೈಕೋಜೆನ್ನಿನ ಸಂಗ್ರಹವೂ ಹೆಚ್ಚು.

ಆಮ್ಲಜನಕವಿಲ್ಲದೆಯೂ ಸಕ್ಕರೆಯಿಂದ ಸ್ವಲ್ಪ ಶಕ್ತಿಯನ್ನು ಪಡೆಯಬಹುದಾದುದರಿಂದ, ಎಳೆಯ ಹೃದಯವು ಬರಗಾಲವನ್ನು ಹೆಚ್ಚು ಕಾಲ ತಾಳಬೇಕೆಂದು ತರ್ಕವು ಹೇಳುತ್ತದೆ. ಪ್ರಯೋಗಗಳು ಏನು ಹೇಳಿದುವು? 1895ರಲ್ಲಿ ಜರ್ಮನಿಯ ಆಸ್ಕರ್ ಲಾಂಗೆನ್‌ಡಾರ್ಫ್ ಅವರು, ಪ್ರಾಣಿಯ ದೇಹದಿಂದ ಬೇರ್ಪಡಿಸಿದ ಹೃದಯದ ಮಹಾಪಧಮನಿಗೆ ಕೊಳವೆಯನ್ನು ಕಟ್ಟಿ ಪೋಷಕ ದ್ರವವನ್ನು ಹಾಯಿಸಿದರೆ, ದ್ರವವು ಕಿರೀಟಧಮನಿಗಳನ್ನು ಹೊಕ್ಕು ಹೃದಯವು ಗಂಟೆಗಟ್ಟಲೆ ಮಿಡಿಯುತ್ತಿರುವುದನ್ನು ತೋರಿಸಿಕೊಟ್ಟರು. ಹರಿವನ್ನು ನಿಲ್ಲಿಸಿ, ಮತ್ತೆ ಹಾಯಿಸಿ, ಚೇತರಿಕೆಯನ್ನು ಅಳೆಯಲು ಇದಕ್ಕಿಂತ ಸರಳವಾದ ಏರ್ಪಾಡು ಬೇರೊಂದಿಲ್ಲ. ಹೃತ್ಕುಕ್ಷಿಯೊಳಗೆ ನೀರು ತುಂಬಿದ ಪುಟ್ಟ ಬುಗ್ಗೆಯನ್ನಿರಿಸಿ ಪ್ರತಿ ಮಿಡಿತದಲ್ಲಿಯೂ ಏಳುವ ಒತ್ತಡವನ್ನು ಬರೆದುಕೊಂಡು, ಹರಿವು ನಿಲ್ಲುವುದಕ್ಕೆ ಮುಂಚೆ ಇದ್ದುದರಲ್ಲಿ ಶೇಕಡ ಎಷ್ಟು ಮರಳಿ ಬಂದಿತೆಂದು ಹೇಳುವುದು ವಾಡಿಕೆ. ಮೊಲ, ಇಲಿ, ಕುರಿ, ಹಂದಿಗಳ ಮರಿಗಳ ಮೇಲೆ ಇಂತಹ ಪ್ರಯೋಗಗಳು ಬಹುಕಾಲದಿಂದ ನಡೆದಿವೆ. ಅನೇಕರು ಎಳೆಯ ಹೃದಯವೇ ಹೆಚ್ಚು ಗಟ್ಟಿಯೆಂದರು. ಇನ್ನು ಕೆಲವರು ಅದೇ ಹೆಚ್ಚು ದುರ್ಬಲವೆಂದರು.

ಈ ಭಿನ್ನಾಭಿಪ್ರಾಯದ ಕಾರಣಗಳನ್ನು ವಿಚಾರಿಸಿದರೆ ನಮ್ಮ ವಾದಕ್ಕೆ ಬೇಕಾದ ಪಾಠವು ದೊರೆಯುತ್ತದೆ. ಪ್ರಾಣಿಯ ಜಾತಿ ಬೇರೆ, ವಯಸ್ಸಿನ ದಿನಗಳು ಬೇರೆ ಎಂಬುದು ಒಂದು ಕಾರಣ. ಅಳೆದ ವಸ್ತುವೇ ಬೇರೆ ಎಂಬುದು ಇನ್ನೊಂದು. ಒಬ್ಬರು ಹರಿವು ನಿಂತ ಮೇಲೆ ಸ್ನಾಯುವು ಸೆಟೆದುಕೊಳ್ಳಲು ಎಷ್ಟು ನಿಮಿಷ ಹಿಡಿಯಿತೆಂದು ಅಳೆದರು. ಇನ್ನೊಬ್ಬರು ಹರಿವು ಮರಳಿದ ಮೇಲೆ ಎದ್ದ ಒತ್ತಡವನ್ನು ಅಳೆದರು. ಮತ್ತೊಬ್ಬರು ಜೀವಕೋಶಗಳಿಂದ ಸೋರಿದ ಕಿಣ್ವಗಳನ್ನು ಅಳೆದರು. ಬೇಗ ಸೆಟೆದುಕೊಂಡ ಹೃದಯವೇ ಕೊನೆಯಲ್ಲಿ ಕಡಮೆ ಚೇತರಿಸಿಕೊಳ್ಳಬೇಕೆಂಬ ನಿಯಮವಿಲ್ಲ. ಅಂದಮೇಲೆ ‘ತಾಳಿಕೆ’ ಎಂಬ ಒಂದೇ ಮಾತಿನಡಿಯಲ್ಲಿ ಮೂರು ಬೇರೆ ಬೇರೆ ಪರಿಮಾಣಗಳು ಅಡಗಿದ್ದುವು. ಉಷ್ಣಕ್ಕೂ ಉಷ್ಣತೆಗೂ ಭೇದವನ್ನು ತಿಳಿಯದೆ ವಾದಮಾಡಿದರೆ ವಾದವು ಹೇಗೆ ಮುಗಿಯುವುದಿಲ್ಲವೋ ಹಾಗೆಯೇ ಇದೂ.

ಕಾಲದ ವಿಷಯವೂ ಅಷ್ಟೇ ಮುಖ್ಯ. 1975ರಲ್ಲಿ ಹೈಂಡ್ರಿಕ್ಸ್ ಮತ್ತು ಸಂಗಡಿಗರು ನಾಯಿಗಳ ಕಿರೀಟಧಮನಿಯನ್ನು 15 ನಿಮಿಷಗಳ ಕಾಲ ಮಾತ್ರ ಮುಚ್ಚಿ, ಬಳಿಕ ತೆರೆದರು. ರಕ್ತದ ಹರಿವು ಮರಳಿತು. ವಿದ್ಯುತ್ ಲೇಖನವೂ ಬೇಗನೆ ಸರಿಹೋಯಿತು. ಆದರೆ ಸ್ನಾಯುವಿನ ಸಂಕೋಚನವು 6 ಗಂಟೆಗಳಿಗೂ ಹೆಚ್ಚು ಕಾಲ ಕುಂದಿಯೇ ಇತ್ತು. ಜೀವಕೋಶಗಳು ಸತ್ತಿರಲಿಲ್ಲ, ಬೆರಗುಬಡಿದಂತೆ ಸುಮ್ಮನಾಗಿದ್ದುವು. 1982ರಲ್ಲಿ ಬ್ರೌನ್‌ವಾಲ್ಡ್ ಮತ್ತು ಕ್ಲೋನರ್ ಅವರು ಇಂತಹ ಸ್ನಾಯುವನ್ನು ‘ದಿಗ್ಭ್ರಮೆಗೊಂಡ ಸ್ನಾಯು’ ಎಂಬ ಅರ್ಥದ ಹೆಸರಿನಿಂದ ಕರೆದು, ಆ ಸ್ಥಿತಿಯತ್ತ ಎಲ್ಲರ ಗಮನವನ್ನು ಸೆಳೆದರು. ಹೀಗಿರುವಾಗ ಎರಡನೆಯ ಗಂಟೆಯಲ್ಲಿ ಅಳೆದು ‘ಅರ್ಧ ಮಾತ್ರ ಚೇತರಿಸಿದೆ’ ಎಂದರೆ, ಉಳಿದರ್ಧವು ಸತ್ತಿದೆಯೋ ಸುಮ್ಮನಿದೆಯೋ ಆ ಅಂಕಿಯಿಂದ ಗೊತ್ತಾಗದು. ದಾರಿತಪ್ಪಿ ಶ್ವಾಸಕೋಶದ ಧಮನಿಯಿಂದ ಹೊರಟ ಕಿರೀಟಧಮನಿಯನ್ನು ಶಸ್ತ್ರಚಿಕಿತ್ಸೆಯಿಂದ ಮಹಾಪಧಮನಿಗೆ ಜೋಡಿಸಿದ ಶಿಶುಗಳಲ್ಲಿಯೂ, ಬಹುಪಾಲು ಸತ್ತೇಹೋದಂತೆ ಕಂಡಿದ್ದ ಹೃದಯವು ತಿಂಗಳುಗಳ ಅವಧಿಯಲ್ಲಿ ಆಶ್ಚರ್ಯಕರವಾಗಿ ಮೇಲೇಳುವುದನ್ನು ವೈದ್ಯರು ಕಂಡಿದ್ದಾರೆ. ಮೊದಲ ದಿನದ ಅಳತೆಯನ್ನೇ ನಂಬಿ ಆಸೆಬಿಟ್ಟಿದ್ದರೆ ಆ ಮಕ್ಕಳ ಗತಿಯೇನಾಗುತ್ತಿತ್ತು!

ಈಗ ಆಸ್ಪತ್ರೆಗಳಲ್ಲಿ ರೂಢಿಯಲ್ಲಿರುವ ಅಳತೆಗೆ ಬರೋಣ. ಶ್ರವಣಾತೀತ ಧ್ವನಿಯ ಪ್ರತಿಧ್ವನಿಯಿಂದ ಹೃದಯದ ಚಲನೆಯನ್ನು ನೋಡುವ ವಿಧಾನವು 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಹುಟ್ಟಿತು. ವೈದ್ಯರಾದ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿಯಾದ ಹೆಲ್‌ಮುತ್ ಹರ್ಟ್ಸ್ ಅವರು ಹಡಗುಕಟ್ಟೆಯೊಂದರಲ್ಲಿ ಲೋಹದ ಬಿರುಕುಗಳನ್ನು ಪರೀಕ್ಷಿಸುತ್ತಿದ್ದ ಉಪಕರಣವನ್ನು ಎರವು ತಂದು ಎದೆಯ ಮೇಲಿಟ್ಟು ನೋಡಿದರು. ಈ ಹರ್ಟ್ಸ್ ಅವರು ನೊಬೆಲ್ ಪಾರಿತೋಷಕ ಪಡೆದ ಗುಸ್ಟಾವ್ ಹರ್ಟ್ಸ್ ಅವರ ಮಗ. ಇಂದು ಈ ವಿಧಾನದಿಂದ, ಚರ್ಮವನ್ನು ಚುಚ್ಚದೆಯೇ, ಹೃತ್ಕುಕ್ಷಿಯು ತುಂಬಿದಾಗ ಅದರಲ್ಲಿ ಎಷ್ಟು ರಕ್ತವಿತ್ತು, ಕುಗ್ಗಿದಾಗ ಎಷ್ಟು ಉಳಿಯಿತು ಎಂಬುದನ್ನು ಅಂದಾಜು ಮಾಡುತ್ತಾರೆ. ತುಂಬಿದುದರಲ್ಲಿ ಹೊರಬಿದ್ದ ಪಾಲನ್ನು ಶೇಕಡದಲ್ಲಿ ಹೇಳುವುದು ಪದ್ಧತಿ. ಇದನ್ನು ನಾವು ಹೊರಹಾಕಿದ ಪಾಲು ಎಂದು ಕರೆಯೋಣ. ಶೇಕಡ 60ರ ಸುಮಾರಿನಲ್ಲಿದ್ದರೆ ಹೃದಯವು ಚೆನ್ನಾಗಿದೆಯೆಂದು ತಿಳಿಯುತ್ತಾರೆ.

ಈ ಅಂಕಿಯಲ್ಲಿರುವ ಕೊರತೆಯನ್ನು ನಾವೇ ಕಲ್ಪಿಸಿಕೊಂಡ ಒಂದು ಸುಲಭವಾದ ಲೆಕ್ಕದಿಂದ ನೋಡಬಹುದು. ಶಿಶುವೊಂದರ ಹೃತ್ಕುಕ್ಷಿಯು ತುಂಬಿದಾಗ 7 ಮಿಲಿಲೀಟರ್ ರಕ್ತವನ್ನು ಹಿಡಿಯಲಿ. ಸಂಕೋಚನದ ಕೊನೆಯಲ್ಲಿ ಒತ್ತಡವು 60 ಮಿಲಿಮೀಟರ್, ಒಳಗೆ ಉಳಿದ ರಕ್ತ 3 ಮಿಲಿಲೀಟರ್ ಆಗಿರಲಿ. ಹೊರಬಿದ್ದುದು 4, ಪಾಲು ಶೇಕಡ 57. ಸಂಕೋಚನದ ಕೊನೆಯಲ್ಲಿ ಸ್ನಾಯುವಿಗಿರುವ ಬಿಗುವನ್ನು ಮಿಲಿಲೀಟರೊಂದಕ್ಕೆ ಎಷ್ಟು ಒತ್ತಡ ಎಂದು ಹೇಳಿದರೆ ಅದು 20. ಈಗ ರಕ್ತಸರಬರಾಜು ನಿಂತು ಮರಳಿದ ಮೇಲೆ ಸ್ನಾಯುವಿನ ಬಿಗುವು ಕಾಲುಭಾಗ ಕುಗ್ಗಿ 15 ಆಯಿತೆನ್ನೋಣ. ಅದೇ 60ರ ಒತ್ತಡಕ್ಕೆ ಎದುರಾಗಿ ತಳ್ಳಬೇಕಾದರೆ 4 ಮಿಲಿಲೀಟರ್ ಒಳಗೇ ಉಳಿದು, ಪಾಲು ಶೇಕಡ 43ಕ್ಕೆ ಇಳಿಯುತ್ತದೆ. ಆದರೆ ರಕ್ತನಾಳಗಳು ಸಡಿಲಗೊಂಡು ಒತ್ತಡವು 45ಕ್ಕೆ ಇಳಿದಿದ್ದರೆ? ಆಗ ಒಳಗೆ ಉಳಿಯುವುದು ಮತ್ತೆ 3 ಮಿಲಿಲೀಟರ್. ಪಾಲು ಮತ್ತೆ ಶೇಕಡ 57. ಕಾಲುಭಾಗ ಬಲವನ್ನು ಕಳೆದುಕೊಂಡ ಹೃದಯವು ಪೂರ್ಣ ಆರೋಗ್ಯವಂತ ಹೃದಯದ ಅಂಕಿಯನ್ನೇ ತೋರಿಸುತ್ತದೆ! ಎತ್ತಿನ ಗಾಡಿಯು ಇಳಿಜಾರಿನಲ್ಲಿ ವೇಗವಾಗಿ ಹೋದುದನ್ನು ಕಂಡು ಎತ್ತಿಗೆ ಬಲ ಬಂದಿತೆನ್ನುವುದು ಎಷ್ಟು ಸರಿಯೋ, ಇಲ್ಲಿ ಚೇತರಿಕೆಯೆನ್ನುವುದೂ ಅಷ್ಟೇ ಸರಿ. ಕವಾಟವು ಸೋರುತ್ತಿದ್ದರಂತೂ ರಕ್ತವು ಹಿಂದಕ್ಕೆ ಸುಲಭವಾಗಿ ಹರಿದು ಅಂಕಿಯನ್ನು ಇನ್ನಷ್ಟು ಚೆನ್ನಾಗಿ ಕಾಣಿಸುತ್ತದೆ.

ಅಳತೆಯ ನಿಷ್ಕೃಷ್ಟತೆಯನ್ನೂ ಮರೆಯುವಂತಿಲ್ಲ. ಶಿಶುವಿನ ಎಡ ಹೃತ್ಕುಕ್ಷಿಯ ಒಳವ್ಯಾಸವು ತುಂಬಿದಾಗ 18 ಮಿಲಿಮೀಟರ್, ಕುಗ್ಗಿದಾಗ 12 ಮಿಲಿಮೀಟರ್ ಇದ್ದಿತೆನ್ನಿ. ಗಾತ್ರವು ವ್ಯಾಸದ ಘನಕ್ಕೆ ಅನುಗುಣವೆಂದು ಭಾವಿಸಿದರೆ ಹೊರಹಾಕಿದ ಪಾಲು ಶೇಕಡ 70. ಈಗ ಎರಡು ಅಳತೆಗಳಲ್ಲಿಯೂ ಅರ್ಧ ಮಿಲಿಮೀಟರ್ ತಪ್ಪಾಗಿ, 17.5 ಮತ್ತು 12.5 ಎಂದು ಗುರುತು ಹಾಕಿಕೊಂಡರೆ ಪಾಲು ಶೇಕಡ 64ಕ್ಕೆ ಇಳಿಯುತ್ತದೆ. ದೊಡ್ಡವರಲ್ಲಿ ಅರ್ಧ ಮಿಲಿಮೀಟರಿನ ತಪ್ಪು ಗಣನೆಗೆ ಬಾರದು; ಕೂಸಿನಲ್ಲಿ ಅದು ಔಷಧದ ಪ್ರಮಾಣವನ್ನೇ ಬದಲಾಯಿಸಬಹುದು. ಅಂಗಾಂಶದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ದೊಡ್ಡವರಿಗೆ ಬಳಸುವ ಸೆಕೆಂಡಿಗೆ 25 ಲಕ್ಷ ಕಂಪನಗಳ ಧ್ವನಿಯ ತರಂಗದೂರ ಸುಮಾರು 0.6 ಮಿಲಿಮೀಟರ್ ಆದರೆ, 1 ಕೋಟಿ ಕಂಪನಗಳ ಧ್ವನಿಯದು 0.15 ಮಿಲಿಮೀಟರ್. ಶಿಶುವಿಗೆ ಎರಡನೆಯದೇ ತಕ್ಕುದೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಹೇಳಬಲ್ಲನು. ಮತ್ತೊಂದು ತೊಡಕು ವೇಗದ್ದು. ನಿಮಿಷಕ್ಕೆ 140 ಮಿಡಿತಗಳೆಂದರೆ ಒಂದು ಮಿಡಿತಕ್ಕೆ 0.43 ಸೆಕೆಂಡು, ಅದರಲ್ಲಿ ಸಂಕೋಚನಕ್ಕೆ ಸುಮಾರು 0.2 ಸೆಕೆಂಡು. ಸೆಕೆಂಡಿಗೆ 25 ಚಿತ್ರಗಳನ್ನು ತೆಗೆದರೆ ಇಡೀ ಸಂಕೋಚನಕ್ಕೆ ಐದೇ ಚಿತ್ರಗಳು ದೊರೆಯುತ್ತವೆ. ಅತ್ಯಂತ ಕುಗ್ಗಿದ ಕ್ಷಣವು ಎರಡು ಚಿತ್ರಗಳ ನಡುವೆ ಜಾರಿಹೋಗಿರಬಹುದು.

ಈ ಕೊರತೆಗಳಿಗೆ ಪರಿಹಾರವಿಲ್ಲವೆಂದಲ್ಲ. ಪರಿಹಾರಗಳು ಬಂದಿರುವುದೂ ಭೌತವಿಜ್ಞಾನದ ಹಾದಿಯಿಂದಲೇ. ಸೋಪಿನ ಗುಳ್ಳೆಯ ಒಳಗಿನ ಒತ್ತಡಕ್ಕೂ ಅದರ ತ್ರಿಜ್ಯಕ್ಕೂ ಪೊರೆಯ ಕರ್ಷಣಕ್ಕೂ ಇರುವ ಸಂಬಂಧವನ್ನು ಲಾಪ್ಲಾಸನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ತಿಳಿಸಿದನು. ಅದೇ ನಿಯಮದಿಂದ ಹೃತ್ಕುಕ್ಷಿಯ ಗೋಡೆಯು ತಾಳಬೇಕಾದ ಬಿಗಿತವನ್ನು ಒತ್ತಡ, ತ್ರಿಜ್ಯ, ಗೋಡೆಯ ದಪ್ಪ ಇವುಗಳಿಂದ ಲೆಕ್ಕಹಾಕಬಹುದು. 1984ರಲ್ಲಿ ಬಾಸ್ಟನ್ನಿನ ಕೋಲನ್ ಮತ್ತು ಸಂಗಡಿಗರು, ಸ್ನಾಯುವು ಕುಗ್ಗುವ ವೇಗವನ್ನು ಮಿಡಿತದ ದರಕ್ಕೆ ಸರಿಹೊಂದಿಸಿ, ಗೋಡೆಯ ಬಿಗಿತದ ಎದುರು ರೇಖಿಸಿದರು. ಇಷ್ಟು ಹೊರೆಗೆ ಇಷ್ಟು ವೇಗವು ಸಹಜ ಎಂಬ ಗೆರೆಯೊಂದು ಸಿಕ್ಕಿತು. ಗೆರೆಗಿಂತ ಕೆಳಗೆ ಬಿದ್ದ ಹೃದಯವು ನಿಜವಾಗಿ ದುರ್ಬಲ. ಗೆರೆಯ ಮೇಲೆಯೇ ಇದ್ದು ವೇಗ ಕಡಮೆಯಾದ ಹೃದಯವು ಹೊರೆಯಿಂದ ಬಳಲುತ್ತಿರುವುದು. ಮೊದಲನೆಯದಕ್ಕೆ ಬಲವರ್ಧಕ ಔಷಧ ಬೇಕು. ಎರಡನೆಯದಕ್ಕೆ ಹೊರೆಯನ್ನು ಇಳಿಸಿದರೆ ಸಾಕು.

ಇನ್ನೊಂದು ಹಾದಿಯನ್ನು ತೋರಿಸಿದವರು ಜಪಾನಿನಿಂದ ಬಂದು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಕೆಲಸಮಾಡಿದ ಸುಗಾ ಮತ್ತು ಸಗಾವಾ ಅವರು. ನಾಯಿಯ ಹೃದಯಗಳ ಮೇಲೆ ಪ್ರಯೋಗ ನಡೆಸಿ, ಒತ್ತಡವನ್ನು ಗಾತ್ರದ ಎದುರು ರೇಖಿಸಿದರೆ ಪ್ರತಿ ಮಿಡಿತವೂ ಒಂದು ಕುಣಿಕೆಯಾಗುತ್ತದೆಂಬುದನ್ನೂ, ಹೊರೆಯನ್ನು ಬದಲಾಯಿಸಿದಾಗ ಕುಣಿಕೆಗಳ ಎಡ ಮೇಲ್ತುದಿಗಳು ಹೆಚ್ಚು ಕಡಮೆ ಒಂದೇ ಸರಳರೇಖೆಯ ಮೇಲೆ ಬೀಳುತ್ತವೆಂಬುದನ್ನೂ ಅವರು 1970ರ ದಶಕದಲ್ಲಿ ತೋರಿಸಿದರು. ಆ ರೇಖೆಯ ಇಳಿಜಾರೇ ನಾವು ಮೇಲಿನ ಲೆಕ್ಕದಲ್ಲಿ ಬಿಗುವು ಎಂದು ಕರೆದ ಪರಿಮಾಣ. 1980ರ ದಶಕದಲ್ಲಿ ಹಾಲೆಂಡಿನ ಬಾನ್ ಮತ್ತು ಸಂಗಡಿಗರು, ರಕ್ತದ ವಿದ್ಯುದ್ವಾಹಕತೆಯಿಂದ ಹೃತ್ಕುಕ್ಷಿಯ ಗಾತ್ರವನ್ನು ಕ್ಷಣಕ್ಷಣವೂ ಅಳೆಯುವ ತೂರುನಳಿಕೆಯನ್ನು ರೂಪಿಸಿದ ಮೇಲೆ ಈ ರೇಖೆಯನ್ನು ಎದೆಯೊಳಗಿನ ಹೃದಯದಲ್ಲಿಯೇ ಪಡೆಯುವುದು ಸಾಧ್ಯವಾಯಿತು. ಕುರಿಮರಿ, ಹಂದಿಮರಿಗಳ ಪ್ರಯೋಗಗಳಲ್ಲಿ ಇದು ಬಹಳ ಉಪಯುಕ್ತ. ಪುಟ್ಟ ಶಿಶುವಿನ ಹೃದಯದೊಳಕ್ಕೆ ನಳಿಕೆಯನ್ನು ತೂರಿಸುವುದಾದರೋ ದಿನನಿತ್ಯದ ಮಾತಲ್ಲ.

ಒಳ್ಳೆಯ ಅಳತೆಯಿಂದ ಏನು ಲಾಭವೆಂದು ಕೇಳುವವರಿಗೆ ಒಂದು ನಿಜವಾದ ಉದಾಹರಣೆಯಿದೆ. ಎರಡು ಮಹಾನಾಳಗಳು ಅದಲುಬದಲಾಗಿ ಹುಟ್ಟಿದ ಶಿಶುಗಳಿಗೆ, ಅವುಗಳನ್ನು ಸ್ವಸ್ಥಾನಕ್ಕೆ ಸೇರಿಸುವ ಶಸ್ತ್ರಚಿಕಿತ್ಸೆಯನ್ನು ಬ್ರೆಜಿಲಿನ ಜಟೇನೆ ಅವರು 1975ರಲ್ಲಿ ಯಶಸ್ವಿಯಾಗಿ ನಡೆಸಿದರು. ಬಾಸ್ಟನ್ನಿನಲ್ಲಿ ಈ ಚಿಕಿತ್ಸೆಗೊಳಗಾದ 171 ಶಿಶುಗಳನ್ನು ಕುರಿತ ಅಧ್ಯಯನವೊಂದರಲ್ಲಿ ವರ್ನೋವ್‌ಸ್ಕಿ ಮತ್ತು ಸಂಗಡಿಗರು, ತಣ್ಣನೆಯ ದ್ರವವನ್ನು ರಕ್ತಕ್ಕೆ ಸೇರಿಸಿ ಉಷ್ಣತೆಯ ಇಳಿತದಿಂದ ಹರಿವನ್ನು ಲೆಕ್ಕಹಾಕುವ ವಿಧಾನವನ್ನು ಮತ್ತೆ ಮತ್ತೆ ಅನುಸರಿಸಿದರು. 1995ರಲ್ಲಿ ಪ್ರಕಟವಾದ ಫಲಿತಾಂಶವು ಕಣ್ತೆರೆಸುವಂತಹುದಾಗಿತ್ತು. ಶಸ್ತ್ರಚಿಕಿತ್ಸೆ ಮುಗಿದೊಡನೆ ಹೃದಯವು ಸಾಕಷ್ಟು ಚೆನ್ನಾಗಿಯೇ ಇದ್ದು, ಆಮೇಲೆ ಹರಿವು ಸರಾಸರಿ ಮೂರನೆಯ ಒಂದು ಪಾಲಿನಷ್ಟು ಕುಸಿದು, ಸುಮಾರು 9ರಿಂದ 12 ಗಂಟೆಗಳ ಹೊತ್ತಿಗೆ ತಳಮುಟ್ಟಿ, ಬಳಿಕ ಮೇಲೇರುತ್ತಿತ್ತು. ಅಳತೆ ಮಾಡಿದ ಶಿಶುಗಳಲ್ಲಿ ಸುಮಾರು ಕಾಲುಭಾಗದಷ್ಟರಲ್ಲಿ ಹರಿವು ಅಪಾಯದ ಮಟ್ಟಕ್ಕೆ ಇಳಿದಿತ್ತು. ಹಗಲಿನಲ್ಲಿ ಶಸ್ತ್ರಚಿಕಿತ್ಸೆಯಾದ ಕೂಸಿಗೆ ಅತ್ಯಂತ ಕಷ್ಟದ ಹೊತ್ತು ಮೊದಲ ರಾತ್ರಿಯೆಂಬುದು ಆಗ ಸ್ಪಷ್ಟವಾಯಿತು. ಅದೇ ಕಾಲದಲ್ಲಿ ರಕ್ತನಾಳಗಳ ತಡೆಯೂ ಏರುತ್ತದೆಂದು ಕಂಡುದರಿಂದ, ಹೃದಯಕ್ಕೆ ಬಲ ಕೊಟ್ಟು ನಾಳಗಳನ್ನೂ ಸಡಿಲಿಸುವ ಮಿಲ್ರಿನೋನ್ ಎಂಬ ಔಷಧವನ್ನು ಪರೀಕ್ಷಿಸಲು ಕಾರಣ ದೊರೆಯಿತು. 2003ರಲ್ಲಿ ಪ್ರಕಟವಾದ, 238 ಮಕ್ಕಳ ಮೇಲಿನ ಪರೀಕ್ಷೆಯಲ್ಲಿ, ಹೃದಯಶಸ್ತ್ರಚಿಕಿತ್ಸೆಯ ಬಳಿಕ ಹರಿವು ಕುಂದುವ ಸ್ಥಿತಿಯು ಔಷಧವಿಲ್ಲದವರಲ್ಲಿ ಸುಮಾರು ಶೇಕಡ 26 ಇದ್ದುದು, ಹೆಚ್ಚಿನ ಪ್ರಮಾಣದ ಮಿಲ್ರಿನೋನ್ ಪಡೆದವರಲ್ಲಿ ಸುಮಾರು ಶೇಕಡ 12ಕ್ಕೆ ಇಳಿದಿತ್ತು. ಮುಗಿದ ಕೂಡಲೆ ಒಂದು ಸಾರಿ ಮಾತ್ರ ಅಳೆದು ತೃಪ್ತರಾಗಿದ್ದರೆ ಆ ರಾತ್ರಿಯ ಕುಸಿತವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ನಮ್ಮ ಮಾತಿಗೆ ಎದುರುಮಾತು ಇಲ್ಲದಿಲ್ಲ. ‘ಅನುಭವಿಯಾದ ವೈದ್ಯನು ಕೂಸಿನ ಪಾದವನ್ನು ಮುಟ್ಟಿ ನೋಡಿದರೆ ಸಾಕು, ಬೆಚ್ಚಗಿದೆಯೆ, ಮೂತ್ರವು ಸರಿಯಾಗಿ ಬರುತ್ತಿದೆಯೆ, ರಕ್ತದಲ್ಲಿ ಲ್ಯಾಕ್ಟೇಟ್ ಇಳಿಯುತ್ತಿದೆಯೆ ಎಂದು ನೋಡಿದರೆ ಹೃದಯದ ಸ್ಥಿತಿ ತಿಳಿಯುತ್ತದೆ. ಮೂರು ಕಿಲೋಗ್ರಾಮಿನ ಜೀವಕ್ಕೆ ನಳಿಕೆಗಳ ಹೊರೆಯೇಕೆ?’ ಎಂದು ಕೇಳುವವರಿದ್ದಾರೆ. ಈ ಮಾತಿನಲ್ಲಿ ಬಹಳಷ್ಟು ನಿಜವಿದೆ. ಆ ಕೂಸಿನ ದೇಹದಲ್ಲಿರುವ ರಕ್ತವೆಲ್ಲ ಸುಮಾರು 250 ಮಿಲಿಲೀಟರ್. ಪರೀಕ್ಷೆಗೆಂದು 2.5 ಮಿಲಿಲೀಟರ್ ತೆಗೆದರೆ ಅದು ದೊಡ್ಡವರಿಂದ 50 ಮಿಲಿಲೀಟರ್ ತೆಗೆದುದಕ್ಕೆ ಸಮ. ಅಳತೆಯೇ ರೋಗಕ್ಕಿಂತ ಭಾರವಾಗಕೂಡದು. ಪಾದದ ಬಿಸುಪು, ಮೂತ್ರ, ಲ್ಯಾಕ್ಟೇಟುಗಳು ಹೃದಯದ ಕೆಲಸವು ದೇಹಕ್ಕೆ ಸಾಕಾಗುತ್ತಿದೆಯೆ ಎಂಬ ಕೊನೆಯ ಪ್ರಶ್ನೆಗೆ ನೇರವಾದ ಉತ್ತರ ಕೊಡುತ್ತವೆ; ಅವನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಆದರೆ ಪಾದವು ತಣ್ಣಗಾಗುವ ಹೊತ್ತಿಗೆ ಹೃದಯವು ಸೋತು ಬಹಳ ಹೊತ್ತಾಗಿರಬಹುದು. ಏಕೆ ಸೋತಿತೆಂಬುದನ್ನೂ ಪಾದವು ತಿಳಿಸದು. ಕೈಯ ಅನುಭವ, ಉಪಕರಣದ ಅಂಕಿ ಇವೆರಡೂ ಒಂದನ್ನೊಂದು ತಿದ್ದುವಂತಿರಬೇಕು.

ಹಾಗಾದರೆ ನಾವು ಕೇಳುವುದೇನು? ಸಾಧ್ಯವಿದ್ದಲ್ಲೆಲ್ಲ ರಕ್ತದ ಹರಿವು ಕುಂದುವುದಕ್ಕೆ ಮುಂಚಿನ ಅಳತೆಯೂ ಇರಬೇಕು. ಮೊದಲು ಎಷ್ಟಿತ್ತೆಂದು ತಿಳಿಯದೆ ‘ಚೇತರಿಕೆ’ ಎಂಬ ಮಾತಿಗೆ ಅರ್ಥವಿಲ್ಲ. ಅಳತೆಯು ಒಂದು ಗಳಿಗೆಯದಾಗಿರದೆ ಗಂಟೆಗಳ, ದಿನಗಳ, ಬೇಕಾದಲ್ಲಿ ತಿಂಗಳುಗಳ ಸಾಲಾಗಿರಬೇಕು. ಹೊರಹಾಕಿದ ಪಾಲಿನ ಜೊತೆಗೆ ಅದೇ ಕ್ಷಣದ ರಕ್ತದೊತ್ತಡ, ಮಿಡಿತದ ದರ, ಗೋಡೆಯ ದಪ್ಪ ಇವನ್ನೂ ಬರೆದಿಡಬೇಕು. ಸಂಕೋಚನವನ್ನಷ್ಟೇ ಅಲ್ಲದೆ ಸಡಿಲಿಕೆಯನ್ನೂ ನೋಡಬೇಕು. ಕ್ಯಾಲ್ಸಿಯಮನ್ನು ಹಿಂದಕ್ಕೆ ಸೆಳೆದುಕೊಳ್ಳಲೂ ಶಕ್ತಿ ಬೇಕಾದುದರಿಂದ, ಬಳಲಿದ ಸ್ನಾಯುವು ಚೆನ್ನಾಗಿ ಕುಗ್ಗಿದರೂ ಚೆನ್ನಾಗಿ ಸಡಿಲಗೊಳ್ಳದಿರಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿ ಅಂಕಿಯ ಪಕ್ಕದಲ್ಲಿಯೂ ಅದರ ದೋಷದ ಮಿತಿಯನ್ನು ಬರೆಯಬೇಕು. ನಮ್ಮ ಪ್ರಯೋಗಶಾಲೆಗಳಲ್ಲಿ ತಂತಿಯ ವ್ಯಾಸವನ್ನು ಅಳೆಯುವ ವಿದ್ಯಾರ್ಥಿಯಿಂದ ನಾವು ಕೇಳುವ ಶಿಸ್ತನ್ನು ಜೀವದ ಅಳತೆಯಲ್ಲಿ ಬಿಡುವುದು ನ್ಯಾಯವಲ್ಲ.

ಒಂದು ಕಡೆಯ ಅಳತೆಯನ್ನು ಇನ್ನೊಂದು ಕಡೆಗೆ ಹಾಗೆಯೇ ಒಯ್ಯುವುದರಲ್ಲಿಯೂ ಎಚ್ಚರ ಬೇಕು. ಹೆರಿಗೆಯಲ್ಲಿ ಉಸಿರುಗಟ್ಟಿದ ಶಿಶುವಿನ ದೇಹವನ್ನು 72 ಗಂಟೆಗಳ ಕಾಲ 33.5 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ತಂಪಾಗಿಸಿದರೆ ಮೆದುಳಿಗೆ ರಕ್ಷಣೆ ದೊರೆಯುತ್ತದೆಂದು ಶ್ರೀಮಂತ ದೇಶಗಳ ಪರೀಕ್ಷೆಗಳು ತೋರಿಸಿದ್ದುವು. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ಆಸ್ಪತ್ರೆಗಳಲ್ಲಿ 408 ಶಿಶುಗಳ ಮೇಲೆ ಅದನ್ನೇ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದಾಗ ತಂಪಾಗಿಸಿದ ಗುಂಪಿನಲ್ಲಿ ಶೇಕಡ 42, ಉಳಿದ ಗುಂಪಿನಲ್ಲಿ ಶೇಕಡ 31 ಶಿಶುಗಳು ತೀರಿಕೊಂಡಿದ್ದುವು. ಈ ಒಂದು ಪರೀಕ್ಷೆಯಿಂದ ಎಲ್ಲವೂ ತೀರ್ಮಾನವಾಯಿತೆನ್ನುವುದು ನಮ್ಮ ಉದ್ದೇಶವಲ್ಲ. ನಮ್ಮ ಕೂಸುಗಳನ್ನು ನಾವೇ ಅಳೆದು ನೋಡಬೇಕೆಂಬುದು ಮಾತ್ರ ಇದರಿಂದ ಸ್ಥಿರವಾಗುತ್ತದೆ. ಹೃದಯದ ಮಾತಿಗೇ ಬಂದರೆ, ತಂಪಾದ ಕೂಸಿನಲ್ಲಿ ಮಿಡಿತವೂ ಹರಿವೂ ಇಳಿಯುತ್ತವೆ. ದೇಹಕ್ಕೆ ಬೇಕಾದ ಆಮ್ಲಜನಕವೂ ಇಳಿದಿರುತ್ತದೆ. ಬೆಚ್ಚಗಿನ ಕೂಸಿನ ಅಳತೆಗೋಲನ್ನು ಅಲ್ಲಿ ಹಿಡಿದರೆ ವಿಶ್ರಾಂತಿಯು ನಿಶ್ಶಕ್ತಿಯಂತೆ ಕಂಡೀತು.

ಬೆಂಗಳೂರಿನ ಆಸ್ಪತ್ರೆಗಳಲ್ಲಿ ಇಂದು ನವಜಾತ ಶಿಶುಗಳಿಗೂ ಹೃದಯದ ಶಸ್ತ್ರಚಿಕಿತ್ಸೆ ನಡೆಯುತ್ತಿದೆ. ಅಲ್ಲಿ ವೈದ್ಯರ ಪಕ್ಕದಲ್ಲಿ ಒತ್ತಡ, ಹರಿವು, ತರಂಗ, ದೋಷಗಣನೆ ಇವನ್ನು ಬಲ್ಲವರೂ ನಿಲ್ಲಬೇಕಾದ ಕಾಲ ಬಂದಿದೆ. ಎಡ್ಲರ್ ಅವರಿಗೆ ಒಬ್ಬ ಹರ್ಟ್ಸ್ ದೊರೆತಂತೆ ನಮ್ಮ ವೈದ್ಯರಿಗೂ ಜೊತೆಗಾರರು ಬೇಕು. ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ಹಲವರು ಭೌತವಿಜ್ಞಾನವೆಂದರೆ ಪರೀಕ್ಷೆಯ ಸೂತ್ರಗಳು, ಇಲ್ಲವೆ ನಕ್ಷತ್ರ ಪರಮಾಣುಗಳ ದೂರದ ಪ್ರಪಂಚ ಎಂದು ತಿಳಿದಿರಬಹುದು. ಚುಚ್ಚದೆ, ನೋಯಿಸದೆ, ರಕ್ತವನ್ನು ಹನಿಯಷ್ಟೂ ತೆಗೆಯದೆ, ಅರ್ಧ ಮಿಲಿಮೀಟರಿನ ತಪ್ಪಿಗೂ ಎಡೆಗೊಡದೆ ಇಪ್ಪತ್ತು ಗ್ರಾಮಿನ ಹೃದಯದ ಬಲವನ್ನು ಅಳೆಯುವ ಉಪಾಯವಿನ್ನೂ ಪೂರ್ತಿಯಾಗಿ ಕೈಗೂಡಿಲ್ಲ. ನೋವನ್ನು ಬಾಯಿಬಿಟ್ಟು ಹೇಳಲಾರದ ರೋಗಿಗೆ ಅಳತೆಯೇ ಮಾತು. ಆ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳುವ ಕೆಲಸಕ್ಕೆ ನಮ್ಮ ಕಾಲೇಜುಗಳಿಂದ ಕೆಲವರಾದರೂ ಹೊರಡಬೇಕೆಂದು ನಾವು ಆಶಿಸುತ್ತೇವೆ.